ಘಟ್ಟದ ಕರ್ಣಕುಂಡಲ ಕುಂಡಕ್ಕೆ ಬಂದಾಗ

ಪ್ರಶ್ನೆ: ಘಟ್ಟದ ರಸ್ತೆಯಂಚಿನ ಬಂಡೆಯ ಮೇಲೆ ಗೇಣುದ್ದ ಬೆಳೆದು ಮೈತುಂಬ ಹೂ ಬಿಟ್ಟಿದ್ದ ಕಾಡು ಕರ್ಣಕುಂಡಲದ ಬೀಜ ತಂದು ಬಿತ್ತಿದೆ. ಕುಂಡದಲ್ಲಿ ಅದು ಎರಡಡಿ ಎದ್ದು ವಾಲಿಬಿಟ್ಟಿತು. ಹೂ ಮಾತ್ರ ಅಲ್ಲೊಂದು ಇಲ್ಲೊಂದು. ತಳಿಯೇ ಬದಲಾಯಿತೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ತಳಿ ಬದಲಾಗಿಲ್ಲ, ಊಟ ಬದಲಾಗಿದೆ. ಬಂಡೆಯ ಮೇಲೆ ಎರಡು ಬೆರಳು ಮಣ್ಣು, ನೇರ ಬೆಳಕು, ಹರಿದುಹೋಗುವ ನೀರು. ಕುಂಡದಲ್ಲಿ ಕೊಟ್ಟಿಗೆ ಗೊಬ್ಬರ, ಮೇಲೆ ಜಗುಲಿಯ ನೆರಳು. ಸಾರಜನಕ ಹೆಚ್ಚಿ ಬೆಳಕು ಕಡಿಮೆಯಾದರೆ ಕಾಂಡ ಉದ್ದವಾಗುತ್ತದೆ, ಮೊಗ್ಗು ತಡವಾಗುತ್ತದೆ. ಕೆಂಪು ಮಣ್ಣು 2 ಪಾಲು, ದಪ್ಪ ಮರಳು 2 ಪಾಲು, ಎಲೆಗೊಬ್ಬರ 1 ಪಾಲು ಬೆರೆಸಿ 6 ಇಂಚಿನ ಕುಂಡ ತುಂಬಿ. ಬೆಳಗಿನ ಬಿಸಿಲು ನಾಲ್ಕು ಗಂಟೆಯಾದರೂ ಬೀಳಲಿ. ಯೂರಿಯಾ ಬೇಡವೇ ಬೇಡ. ಈ ಗಿಡಕ್ಕೆ ಅರೆಹೊಟ್ಟೆಯೇ ಸರಿ.

ಹಾಗೆಂದು ಗಿಡ್ಡತನವೆಲ್ಲ ಬಂಡೆಯದ್ದೇ ಎನ್ನಲಾಗದು. ಸ್ವಲ್ಪ ಭಾಗ ಬೀಜದಲ್ಲೇ ಇರಬಹುದು. ತಿಳಿಯುವ ದಾರಿ ಒಂದೇ: ಎರಡು ಜಾಗದ ಗಿಡಗಳನ್ನು ಒಂದೇ ಕಡೆ ಬೆಳೆಸುವುದು. ಬಂಡೆಯ ಹತ್ತು ಗಿಡ, ಅದೇ ಜಾತಿಯ ನೆರಳಿನ ಹತ್ತು ಗಿಡ, ಪ್ರತಿ ಗಿಡದ ಬೀಜ ಬೇರೆ ಬೇರೆ ಪೊಟ್ಟಣದಲ್ಲಿ. ಮಣ್ಣು, ಕುಂಡ, ಬಿಸಿಲು ಒಂದೇ ಇರಲಿ. ಎರಡೂ ಗುಂಪಿನ ಕುಂಡಗಳನ್ನು ಬೆರೆಸಿ ಇಡಿ, ಇಲ್ಲದಿದ್ದರೆ ಮೂಲೆಯ ಸಾಲೇ ಮೋಸ ಮಾಡುತ್ತದೆ. ಮೊದಲ ಹೂ ಬಿಟ್ಟ ದಿನ ಎತ್ತರ ಬರೆದಿಡಿ. ಅಂತರ ಅಳಿಸಿಹೋದರೆ ಅದು ನೆಲದ ಗುಣ. ಉಳಿದರೆ ಬೀಜದ ಗುಣವಿರಬಹುದು. ‘ಇರಬಹುದು’ ಎನ್ನಲು ಕಾರಣವಿದೆ: ತಾಯಿಗಿಡ ಹೊಟ್ಟೆತುಂಬ ಉಂಡಿದ್ದರೆ ಬೀಜ ದಪ್ಪವಾಗಿ ಸಸಿ ಮುಂದೋಡುತ್ತದೆ. ಎರಡನೆಯ ತಲೆಮಾರಿನಲ್ಲೂ ಅಂತರ ಕಂಡರೆ ನಂಬಿ.

ಒಂದೇ ಗಿಡದ ಬೀಜಕ್ಕೆ ತೃಪ್ತರಾಗುವುದು ಎಲ್ಲರೂ ಮಾಡುವ ತಪ್ಪು. ಹೂವನ್ನು ಹತ್ತಿರದಿಂದ ನೋಡಿ: ಬಾಯಿಯ ಮೇಲ್ಭಾಗದಲ್ಲಿ ಪರಾಗ ಬಿಡುವ ಕೇಸರಗಳೆಲ್ಲ ಬೆಸೆದ ಪುಟ್ಟ ಟೊಪ್ಪಿ ಇರುತ್ತದೆ. ಅದು ಕಳಚಿ ಬಿದ್ದ ಮೇಲಷ್ಟೇ ಒಳಗಿನ ಶಲಾಕಾಗ್ರ (ಹೂವಿನ ಹೆಣ್ಣುಭಾಗದ ತುದಿ) ಪರಾಗ ಹಿಡಿಯಲು ಸಿದ್ಧ. ಹಾಗಾಗಿ ಹೂವೊಂದು ತನ್ನ ಪರಾಗದಿಂದ ತಾನೇ ಕಾಯಿಕಟ್ಟುವುದು ಕಷ್ಟ. ಆದರೆ ಜೇನು ಅದೇ ಗಿಡದ ಪಕ್ಕದ ಹೂವಿಂದ ಪರಾಗ ತಂದರೆ ಕಾಯಿ ಕಚ್ಚುತ್ತದೆ. ಒಂಟಿ ಗಿಡದಲ್ಲಿ ಆಗುವುದು ಇದೇ. ಸಂತತಿಯಲ್ಲಿ ವೈವಿಧ್ಯ ಕುಗ್ಗುತ್ತ ಹೋಗುತ್ತದೆ.

ಕಾಯಿ ಉಬ್ಬಿ ತಿಳಿಹಸಿರಾದಾಗ ತೆಳುಬಟ್ಟೆಯ ಚೀಲ ಕಟ್ಟಿ; ಬಲಿತ ಕಾಯಿ ಮುಟ್ಟಿದರೆ ಸಿಡಿಯುತ್ತದೆ. ಒಂದು ಗಿಡದಿಂದ ಎರಡು ಮೂರು ಕಾಯಿ ಸಾಕು, ಗಿಡ ಕೀಳಬೇಡಿ. ಅಭಯಾರಣ್ಯದೊಳಗಿಂದ ಬೀಜವನ್ನೂ ತರಬೇಡಿ.

ಪ್ರಶ್ನೆ: ಕಾಂಡವಿಲ್ಲದೆ, ಎಲೆಗಳ ನಡುವಿಂದ ಹೂದಂಟು ಎದ್ದು ಬರುವ ಬಂಡೆಯ ಕರ್ಣಕುಂಡಲವನ್ನು ಸ್ನೇಹಿತರು ಕೊಟ್ಟಿದ್ದರು. ನವೆಂಬರಿನಲ್ಲಿ ಎಲೆ ಹಳದಿಯಾಗಿ ಕರಗಿಹೋಯಿತು.
– ಓದುಗರೊಬ್ಬರು, ಶಿರಸಿ

ಉತ್ತರ: ಕುಂಡ ಬಿಸಾಡಬೇಡಿ. ಇಂಪೇಷಿಯೆನ್ಸ್ ಸ್ಕೇಪಿಫ್ಲೋರಾದಂಥ ಜಾತಿಗಳು (ಇಂಪೇಷಿಯೆನ್ಸ್ ಎಂಬುದು ಕರ್ಣಕುಂಡಲದ ಕುಲದ ಹೆಸರು) ಮಳೆ ಮುಗಿದ ಮೇಲೆ ಗಡ್ಡೆಯಾಗಿ ಮಲಗುತ್ತವೆ. ‘ಪಾಪ, ಒಣಗಿತು’ ಎಂದು ನೀರು ಹಾಕಿದರೆ ಗಡ್ಡೆ ಕೊಳೆಯುತ್ತದೆ. ಎಲೆ ಹಳದಿಯಾದೊಡನೆ ನೀರು ನಿಲ್ಲಿಸಿ, ಕುಂಡವನ್ನು ಸೂರಿನಡಿ ಅಡ್ಡ ಮಲಗಿಸಿ. ಮುಂಗಾರಿನ ಮೊದಲ ಮಳೆಗೆ ಹೊರಗಿಟ್ಟರೆ ಚಿಗುರುತ್ತದೆ.

ಪ್ರಶ್ನೆ: ನರ್ಸರಿಯಲ್ಲಿ ‘ನ್ಯೂಗಿನಿ’ ಎಂದು ಮಾರುವ ಕರ್ಣಕುಂಡಲ ನಮ್ಮ ಘಟ್ಟದ್ದೇ? ಬೀಜ ಹಾಕಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಅಲ್ಲ, ಹೆಸರೇ ಹೇಳುವಂತೆ ನ್ಯೂಗಿನಿ ದ್ವೀಪದ ಬೆಟ್ಟಗಳದು. 1970ರಲ್ಲಿ ಅಮೆರಿಕದ ಲಾಂಗ್‌ವುಡ್ ಗಾರ್ಡನ್ಸ್ ಮತ್ತು ಅಲ್ಲಿನ ಕೃಷಿ ಇಲಾಖೆ ಸೇರಿ ಕಳಿಸಿದ ತಂಡ ಇವನ್ನು ಸಂಗ್ರಹಿಸಿ ತಂದಿತು. ಒಂದರ ಎಲೆ ಕಂಚಿನ ಬಣ್ಣ, ಇನ್ನೊಂದರಲ್ಲಿ ಹಳದಿ ಪಟ್ಟೆ. ಬೇರೆ ಬೇರೆ ಜಾತಿಯೆಂದೇ ತೋರುವಷ್ಟು ಭಿನ್ನ. ಆದರೂ ಎಷ್ಟೋ ಗಿಡಗಳು ಒಂದಕ್ಕೊಂದು ಸುಲಭವಾಗಿ ಕೂಡಿದವು, ಇಂದಿನ ತಳಿಗಳು ಹುಟ್ಟಿದ್ದು ಹಾಗೆ. ಮುಂದೆ ಬೂಜು ರೋಗ ಬಂದು ಯುರೋಪ್, ಅಮೆರಿಕದ ತೋಟಗಳಲ್ಲಿ ಪೂರ್ವ ಆಫ್ರಿಕಾ ಮೂಲದ ಇಂಪೇಷಿಯೆನ್ಸ್ ವಾಲೆರಿಯಾನಾ ನೆಲಕಚ್ಚಿದಾಗ ನ್ಯೂಗಿನಿ ಗಿಡಗಳು ತಾಳಿಕೊಂಡವು.

ಹಲವು ತಳಿಗಳ ಮಿಶ್ರಣವಾದ್ದರಿಂದ ಬೀಜ ಹಾಕಿದರೆ ತಾಯಿಯಂತೆ ಬರುವುದಿಲ್ಲ. 3 ಇಂಚಿನ ತುದಿಕುಡಿ ಕತ್ತರಿಸಿ, ಕೆಳಗಿನ ಎಲೆ, ಮೊಗ್ಗು ತೆಗೆದು, ತೇವದ ಮರಳು–ತೆಂಗಿನ ನಾರಿನಪುಡಿಯಲ್ಲಿ ನೆರಳಿನಲ್ಲಿ ಊರಿ; ಎರಡು ಮೂರು ವಾರದಲ್ಲಿ ಬೇರು ಬರುತ್ತದೆ.