ವೃದ್ಧಾಶ್ರಮದಲ್ಲಿರುವ ಅಮ್ಮನಿಗೆ ಮರೆವು: ಯಾವ ರಕ್ತಪರೀಕ್ಷೆ ಮಾಡಿಸೋದು?

ಅಮ್ಮನಿಗೆ ಎರಡು ತಿಂಗಳಿಂದ ಮರೆವು ಜಾಸ್ತಿಯಾಗಿದೆ, ಅಲ್ಝೈಮರ್ಸ್ ಈಗ ರಕ್ತದಲ್ಲೇ ಗೊತ್ತಾಗುತ್ತಂತೆ, ಆಶ್ರಮಕ್ಕೇ ಲ್ಯಾಬಿನವರನ್ನು ಕಳಿಸಿ ಮಾಡಿಸಲಾ ಅಂತ ಕೇಳಿದ್ದೀರಿ. ನಾನು ವೃದ್ಧಾಶ್ರಮವೊಂದರಲ್ಲಿ ನರ್ಸ್. ಆ ದುಬಾರಿ ಟೆಸ್ಟ್ ಆಮೇಲೆ ನೋಡೋಣ. ಮೊದಲು ಸೋಡಿಯಂ (ರಕ್ತದಲ್ಲಿನ ಉಪ್ಪಿನಂಶ) ಪರೀಕ್ಷೆ ಮಾಡಿಸಿ.

ಯಾಕೆ ಅಂದರೆ, ನಮ್ಮಲ್ಲಿ ಒಬ್ಬ ಅಜ್ಜಿ ಕೆಲವೇ ದಿನಗಳಲ್ಲಿ ಗುರುತೇ ಸಿಗದ ಹಾಗೆ ಬದಲಾದರು. ಮಟಮಟ ಮಧ್ಯಾಹ್ನ ಸೆರಗು ಸಿಕ್ಕಿಸಿಕೊಂಡು "ಹಾಲಿನವನು ಬಂದ" ಅಂತ ಗೇಟಿಗೆ ಹೋಗೋರು. ನೋಡೋಕೆ ಬಂದ ಮಗಳನ್ನೇ "ಯಾರಮ್ಮಾ ನೀನು?" ಅಂದರು. ಸೋಡಿಯಂ 118 ಇತ್ತು, ಇರಬೇಕಾದ್ದು 135ರಿಂದ 145. ಅವರ ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿತ್ತು, ವಯಸ್ಸಾದವರಲ್ಲಿ ಸೋಡಿಯಂ ಇಳಿಸೋದರಲ್ಲಿ ಅದು ಹೆಸರುವಾಸಿ. ಆಸ್ಪತ್ರೆಯಲ್ಲಿ ಅದನ್ನು ನಿಲ್ಲಿಸಿ ಸೋಡಿಯಂ ನಿಧಾನಕ್ಕೆ ಏರಿಸಿದರು (ಅವಸರದಲ್ಲಿ ಏರಿಸಿದರೆ ಮಿದುಳಿಗೇ ಪೆಟ್ಟು). ವಾಪಸ್ ಬಂದ ಅಜ್ಜಿ ಸಾರಿಗೆ ಹುಳಿ ಸಾಲದು ಅಂತ ಅಡುಗೆಯವರ ಮೇಲೆ ರೇಗಿದರು, ನಮಗೆಲ್ಲ ಖುಷಿಯೋ ಖುಷಿ. ಹೀಗೆ ದಿಢೀರ್ ಬರೋ ಗೊಂದಲಕ್ಕೆ ಡೆಲಿರಿಯಂ ಅಂತಾರೆ.

ನಿಮ್ಮ ಅಮ್ಮನದು ನಿಧಾನವಾಗಿ ಬಂದಿದ್ದರೆ ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಕೂಡ ಬೇಕು. ಸಸ್ಯಾಹಾರಿ, ವರ್ಷಗಟ್ಟಲೆ ಶುಗರ್‌ಗೆ ಮೆಟ್‌ಫಾರ್ಮಿನ್, ಮೇಲೆ ಗ್ಯಾಸ್ಟ್ರಿಕ್‌ಗೆ ದಿನಾ ಪ್ಯಾಂಟೊಪ್ರಜೋಲ್ ಅಂದರೆ ಬಿ12 ಇಳಿದಿರೋ ಸಾಧ್ಯತೆ ಬಹಳ. 200ಕ್ಕಿಂತ ಕಡಿಮೆ ಬಂದರೆ ಡಾಕ್ಟರು ಇಂಜೆಕ್ಷನ್ ಬರೀತಾರೆ. ಸರಿಯಾಗಿದ್ದವರಿಗೂ "ನರಕ್ಕೆ ಒಳ್ಳೇದು" ಅಂತ ಚುಚ್ಚಿಸೋದು ಬರೀ ದುಡ್ಡು ದಂಡ. ಟಿಎಸ್‌ಎಚ್ 5–6 ಬಂದರೆ ಗಾಬರಿ ಬೇಡ, ವಯಸ್ಸಾದಂತೆ ಅದು ತುಸು ಏರುತ್ತೆ. ಮೂರು ತಿಂಗಳ ಶುಗರ್ ತೀರಾ "ಚೆನ್ನಾಗಿ" ಬಂದರೆ ನನಗೆ ಚಿಂತೆ: ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ತಗೊಳ್ಳೋರು ಊಟ ಅರ್ಧ ಬಿಟ್ಟಾಗ ಶುಗರ್ ಇಳಿದು ಮಂಕಾಗಿ ಕೂತಿರ್ತಾರೆ.

ನೀವು ಓದಿರೋದು ಬಹುಶಃ ಪಿ-ಟೌ 217 ಬಗ್ಗೆ, ಅದು ಅಲ್ಝೈಮರ್ಸ್‌ನಲ್ಲಿ ರಕ್ತದಲ್ಲಿ ಏರೋ ಒಂದು ಪ್ರೋಟೀನ್. ಅದನ್ನು ಬಳಸೋ ಒಂದು ರಕ್ತಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇನಲ್ಲಿ ಒಪ್ಪಿಗೆ ಕೊಟ್ಟಿತು, ಅದೂ ಲಕ್ಷಣ ಇರುವ 55 ದಾಟಿದವರಿಗೆ, ತಜ್ಞರ ತಪಾಸಣೆಯ ಜೊತೆಗೆ. ಮಿದುಳಲ್ಲಿ ಅಮಿಲಾಯ್ಡ್ (ಅಲ್ಝೈಮರ್ಸ್‌ನಲ್ಲಿ ಶೇಖರವಾಗೋ ಪ್ರೋಟೀನ್) ಸೇರಿದೆಯಾ ಅನ್ನೋ ಸುಳಿವು ಅದರಿಂದ ಸಿಗುತ್ತೆ. ಕಿಡ್ನಿ ಸೊರಗಿದವರಲ್ಲಿ ಅಲ್ಝೈಮರ್ಸ್ ಇಲ್ಲದೆಯೂ ಪಿ-ಟೌ ಏರಬಹುದು. ಹಾಗಾಗಿ ಕ್ರಿಯಾಟಿನಿನ್ ನೋಡದೆ ಅದಕ್ಕೆ ಕೈ ಹಾಕಬೇಡಿ.

ಆಶ್ರಮದವರಿಂದ ಮಾತ್ರೆ ಚಾರ್ಟಿನ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡು ರಿಪೋರ್ಟ್ ಜೊತೆ ಡಾಕ್ಟರಿಗೆ ತೋರಿಸಿ. ನೀವಾಗೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ.