ಲಕ್ಕಿ ತಪ್ಪಲು, ಕಂಪ್ಯೂಟರ್ ಮತ್ತು ಮೈನಸ್ 9.6

ಪ್ರಶ್ನೆ: ಮಂಡಿ ಬಾವಿಗೆ ನಮ್ಮ ಕಡೆ ಲಕ್ಕಿ ತಪ್ಪಲು ಕುದಿಸಿ ಕಾವು ಕೊಡುತ್ತಾರೆ. ಅದರ 40 ಅಣುಗಳನ್ನು ಬಾವಿಗೆ ಕಾರಣವಾಗುವ ಕಾಕ್ಸ್-2 ಕಿಣ್ವದ 3ಎಲ್‌ಎನ್1 ರಚನೆಗೆ (ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಅದರ ಗುರುತು) ಆಟೋಡಾಕ್ ವಿನಾ ತಂತ್ರಾಂಶದಲ್ಲಿ ಡಾಕಿಂಗ್ ಮಾಡಿದೆ, ಅಂದರೆ ಅಣು ಕಿಣ್ವದಲ್ಲಿ ಎಲ್ಲಿ, ಎಷ್ಟು ಬಿಗಿಯಾಗಿ ಕೂರುತ್ತದೆ ಎಂದು ಕಂಪ್ಯೂಟರಿನಲ್ಲಿ ಅಂದಾಜಿಸಿದೆ. ಲಕ್ಕಿಯ ಆಗ್ನುಸೈಡ್ ಅಣುವಿಗೆ ಮೈನಸ್ 9.6, ಬಾವಿನ ಔಷಧಿ ಸೆಲೆಕಾಕ್ಸಿಬ್‌ಗೆ ಮೈನಸ್ 9.1 ಕಿಲೊಕ್ಯಾಲರಿ ಸ್ಕೋರ್ ಬಂತು (ಮೈನಸ್ ಹೆಚ್ಚಿದಷ್ಟೂ ಹಿಡಿತ ಬಿಗಿ). ‘ಸೆಲೆಕಾಕ್ಸಿಬ್‌ಗಿಂತ ಉತ್ತಮ’ ಎಂದು ಪ್ರಬಂಧದಲ್ಲಿ ಬರೆಯಬಹುದೆ?
– ಎಂ.ಫಾರ್ಮ್ ವಿದ್ಯಾರ್ಥಿನಿ, ಗಂಗಾವತಿ

ಉತ್ತರ: ಬೇಡ. ವಿನಾದ ಅಂದಾಜು ಎರಡು ಕಿಲೊಕ್ಯಾಲರಿಗೂ ಮೀರಿ ತಪ್ಪಬಲ್ಲದು. ಅರ್ಧ ಕಿಲೊಕ್ಯಾಲರಿ ಹಿಡಿದು ಯಾವುದು ಮೇಲು ಎನ್ನಲು ಬರುವುದಿಲ್ಲ. ಅಣು ದೊಡ್ಡದಾದಷ್ಟೂ ಸ್ಕೋರ್ ತಾನಾಗಿಯೇ ಏರುತ್ತದೆ ಎಂಬುದು ಬೇರೆ. ಹೈಡ್ರೋಜನ್ ಬಿಟ್ಟರೆ ಆಗ್ನುಸೈಡ್‌ನಲ್ಲಿ 33 ಪರಮಾಣು, ಸೆಲೆಕಾಕ್ಸಿಬ್‌ನಲ್ಲಿ 26. ಸ್ಕೋರನ್ನು ಪರಮಾಣುಗಳಿಗೆ ಹಂಚಿ ನೋಡಿ: 0.29 ಮತ್ತು 0.35. ಕ್ರಮ ತಲೆಕೆಳಗಾಯಿತು.

ಅದಕ್ಕೂ ಮೊದಲು ಅಣು ಎಲ್ಲಿ ಹೋಗಿ ಕೂತಿದೆ ನೋಡಿದಿರಾ? ಇಡೀ ಪ್ರೋಟೀನನ್ನು ಬಾಕ್ಸ್‌ಗೆ (ವಿನಾ ಹುಡುಕುವ ಜಾಗದ ಗಡಿ) ಸೇರಿಸಿದ್ದರೆ, ಕಿಣ್ವದೊಳಗಿನ ಕಬ್ಬಿಣದ ಗುಂಪಾದ ಹೀಮ್ ತೆಗೆದಾಗ ಖಾಲಿಯಾದ ಗುಂಡಿಗೆ ಆಗ್ನುಸೈಡ್‌ನಂಥ ಸಕ್ಕರೆ ಅಂಟಿದ ಅಣುಗಳು ಜಾರಿಬಿಡಬಹುದು. ಸ್ಕೋರ್ ಚೆಂದ, ಜಾಗ ತಪ್ಪು. 3ಎಲ್‌ಎನ್1ರಲ್ಲಿ ನಾಲ್ಕು ಸರಪಳಿಗಳಿವೆ. ಒಂದನ್ನು ಉಳಿಸಿಕೊಂಡು ಹೀಮ್ ಅಲ್ಲೇ ಇರಲಿ. ನೀರು, ಡಿಟರ್ಜೆಂಟ್ ತೆಗೆಯಿರಿ. ಸೆಲೆಕಾಕ್ಸಿಬ್ ಕೂತ ಜಾಗವನ್ನೇ ನಡುವಾಗಿಟ್ಟು 22 ಆಂಗ್‌ಸ್ಟ್ರಾಮ್ ಬದಿಯ ಬಾಕ್ಸ್ ಹಾಕಿ. ಇನ್ನೊಂದು ಮಾತು: ಇದು ಇಲಿಯ ಕಿಣ್ವ, ಅಮೈನೊ ಆಮ್ಲಗಳ ಎಣಿಕೆಯೂ ಬೇರೆ. ಪ್ರಬಂಧಗಳು ವ್ಯಾಲಿನ್ 523 ಎನ್ನುವುದು ನಿಮ್ಮ ಕಡತದಲ್ಲಿ 509. ಸೋದರ ಕಿಣ್ವ ಕಾಕ್ಸ್-1ರಲ್ಲಿ ಅದೇ ಜಾಗದಲ್ಲಿ ಐಸೊಲ್ಯೂಸಿನ್ ಇದೆ; ಪಕ್ಕದ ಕಿಸೆಗೆ ಸೆಲೆಕಾಕ್ಸಿಬ್ ನುಗ್ಗಲು ಅಡ್ಡಿ ಅದೇ. ಆಗ್ನುಸೈಡ್ ಆ ಕಿಸೆಯನ್ನು ಮುಟ್ಟಿದೆಯೇ ನೋಡಿ.

ಈಗ ಸೆಲೆಕಾಕ್ಸಿಬ್‌ನ ಹೊಸ ಮೂರು ಆಯಾಮದ ಕಡತವನ್ನು ಪಬ್‌ಕೆಮ್ ಎಂಬ ಅಣುಗಳ ಜಾಲತಾಣದಿಂದ ಇಳಿಸಿ ಮರಳಿ ಡಾಕ್ ಮಾಡಿ. ಸ್ಫಟಿಕದಲ್ಲಿ ಇದ್ದಲ್ಲಿಗೇ 2 ಆಂಗ್‌ಸ್ಟ್ರಾಮ್ ಒಳಗೆ ಬರಬೇಕು. ಅಳೆಯುವಾಗ ಎರಡು ಅಣುಗಳನ್ನು ಒಂದರ ಮೇಲೊಂದು ಕೂರಿಸಿ ಅಳೆದರೆ ಎಲ್ಲೇ ಬಿದ್ದಿದ್ದರೂ ಪಾಸಾಗುತ್ತದೆ. ಕದಲಿಸದೆ ಇದ್ದಲ್ಲೇ ಅಳೆಯಿರಿ. ಉಳಿದ ಅಣುಗಳಿಗೂ ಚಪ್ಪಟೆ ಕಡತ ಕೊಡಬೇಡಿ. ವಿನಾ ಬಂಧಗಳನ್ನು ತಿರುಗಿಸುತ್ತದೆಯೇ ಹೊರತು ಸಕ್ಕರೆಯ ಉಂಗುರವನ್ನು ಬಗ್ಗಿಸುವುದಿಲ್ಲ.

ಇಷ್ಟಾದರೂ ಆಗ್ನುಸೈಡ್, ಅಣು ನುಂಗುವ ಔಷಧಿಯಾಗಬಲ್ಲದೇ ಎಂದು ಅಂದಾಜಿಸುವ ಲಿಪಿನ್ಸ್ಕಿ ನಿಯಮದಲ್ಲಿ ಎರಡು ಕಡೆ ಎಡವುತ್ತದೆ: ಹೈಡ್ರೋಜನ್ ಕೊಡುವ ಗುಂಪು 6 (ಮಿತಿ 5), ಪಡೆಯುವವು 11 (ಮಿತಿ 10). ಅದೇ ಗಿಡದ ಕ್ಯಾಸ್ಟಿಸಿನ್ ಹಗುರ, 374 ಡಾಲ್ಟನ್. ನಾವಾದರೆ ಅದನ್ನು ಮುಂದಿಡುತ್ತಿದ್ದೆವು.

ಪ್ರಶ್ನೆ: ರಾತ್ರಿ ವಿನಾದಲ್ಲಿ 120 ಅಣು ಡಾಕಿಂಗ್‌ಗೆ ಹಚ್ಚಿಟ್ಟು ಮಲಗಿದೆ, ನಡುವೆ ಕರೆಂಟ್ ಹೋಯಿತು. ಮತ್ತೆ ಓಡಿಸಿದರೆ ಸ್ಕೋರ್ ಬೇರೆ. ಏಕೆ?
– ಓದುಗ, ಸಿಂಧನೂರು

ಉತ್ತರ: ಹುಡುಕಾಟ ಶುರುವಾಗುವುದೇ ಯಾದೃಚ್ಛಿಕವಾಗಿ. ‘ಸೀಡ್’ ಸಂಖ್ಯೆ ನಿಗದಿ ಮಾಡಿ ಬರೆದಿಡಿ. ‘ಎಕ್ಸಾಸ್ಟಿವ್‌ನೆಸ್’ (ಎಷ್ಟು ಜಾಲಾಡಬೇಕು ಎಂಬ ಅಳತೆ) 8ರಿಂದ 32ಕ್ಕೆ ಏರಿಸಿ. ಆಮೇಲೂ ಸೀಡ್ ಬದಲಿಸಿದಾಗ 0.1–0.2 ಅತ್ತಿತ್ತ ಆದರೆ ಚಿಂತೆ ಬೇಡ; ಒಂದಕ್ಕಿಂತ ಹೆಚ್ಚಾದರೆ ಬಾಕ್ಸ್ ದೊಡ್ಡದಾಗಿದೆಯೇ ನೋಡಿ. ಪ್ರತಿ ಅಣುವಿಗೂ ಬೇರೆ ಔಟ್‌ಪುಟ್ ಕಡತ ಇಟ್ಟು, ಕಡತ ಪೂರ್ತಿ ಇದ್ದರೆ ಬಿಟ್ಟು ಮುಂದೆ ಹೋಗುವಂತೆ ಸ್ಕ್ರಿಪ್ಟ್‌ಗೆ ಒಂದು ಸಾಲು ಸೇರಿಸಿ. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ಕಾದು ನಿಧಾನವಾಗುತ್ತದೆ, ಉತ್ತರವೇನೂ ಬದಲಾಗದು.

ಪ್ರಶ್ನೆ: ಡಾಕಿಂಗ್ ಆದಮೇಲೆ ಕಡಿಮೆ ಖರ್ಚಿನ ಪ್ರಯೋಗ ಯಾವುದಿದೆ?
– ಕಾಲೇಜು ಉಪನ್ಯಾಸಕ, ಕುಷ್ಟಗಿ

ಉತ್ತರ: ಮೊಟ್ಟೆಯ ಬಿಳಿ ಲೋಳೆ. ಕಾಯಿಸಿದಾಗ ಅದರ ಪ್ರೋಟೀನ್ ಹಾಳಾಗುವುದನ್ನು ಗಿಡದ ಸಾರ ಎಷ್ಟು ತಡೆಯುತ್ತದೆ ಎಂದು ನೋಡುವುದು. 0.2 ಮಿಲಿ ಲೋಳೆ, 2.8 ಮಿಲಿ ಫಾಸ್ಫೇಟ್ ಬಫರ್ (ಪಿಎಚ್ 6.4), 2 ಮಿಲಿ ಮಾದರಿ. 37 ಡಿಗ್ರಿಯಲ್ಲಿ 15 ನಿಮಿಷ, 70 ಡಿಗ್ರಿಯಲ್ಲಿ 5 ನಿಮಿಷ. ಆರಿದ ಮೇಲೆ 660 ನ್ಯಾನೊಮೀಟರ್‌ನಲ್ಲಿ ಬೆಳಕಿನ ಹೀರಿಕೆ ಓದಿ. ಹೋಲಿಕೆಗೆ ಬಾವಿನ ಔಷಧಿ ಡೈಕ್ಲೋಫೆನಾಕ್. ಲೆಕ್ಕ ಕೆಡುವುದು ಇಲ್ಲೇ: ಹಸಿರು ಎಲೆಯ ಸಾರದ ಕ್ಲೋರೊಫಿಲ್ ಕೂಡ ಅದೇ 660ರ ಆಸುಪಾಸಿನಲ್ಲಿ ಬೆಳಕು ಹೀರುತ್ತದೆ. ಆದ್ದರಿಂದ ಲೋಳೆ ಇಲ್ಲದ, ಸಾರವಷ್ಟೇ ಇರುವ ನಳಿಕೆಯ ಓದನ್ನು ಪ್ರತಿ ಸಾಂದ್ರತೆಯಲ್ಲೂ ಕಳೆಯಿರಿ. ಟ್ಯಾನಿನ್ ಹೆಚ್ಚಿದ್ದರೆ ಕಾಯಿಸುವ ಮೊದಲೇ ಮೊಸರಿನಂತೆ ಗಟ್ಟಿಯಾಗುತ್ತದೆ. ಅಂಥ ಮಾದರಿ ಬಿಡಿ. ಮೆಥನಾಲ್ ಬಳಸಿದ್ದರೆ ಅಷ್ಟೇ ಮೆಥನಾಲ್ ಕಂಟ್ರೋಲ್‌ಗೂ ಬೀಳಲಿ. ಈ ಪರೀಕ್ಷೆ ಕಾಕ್ಸ್-2 ಕಿಣ್ವವನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಇದು ‘ಡಾಕಿಂಗನ್ನು ದೃಢಪಡಿಸಿತು’ ಎಂದು ಬರೆಯಬೇಡಿ. ಅದಕ್ಕೆ ಕಿಣ್ವದ ಕಿಟ್ಟೇ ಬೇಕು.