ಹಳೇ ಡೆಲ್ ಕ್ಯಾಬಿನೆಟ್‌ಗೆ ಹೊಸ ಮದರ್‌ಬೋರ್ಡ್ ಕೂರುತ್ತಾ?

ನೀವು ಕೇಳಿರುವುದು ಇಷ್ಟು: ಮಂಡ್ಯದ ಮನೆಯಲ್ಲಿ 2010ರ ಆಸುಪಾಸಿನ ಡೆಲ್ ಟವರ್, ಅಂದರೆ ನಿಲ್ಲಿಸಿ ಇಡುವ ಕಂಪ್ಯೂಟರ್, ಒಂದಿದೆ. ಮದರ್‌ಬೋರ್ಡ್ ಹೋಗಿದೆ, ಕ್ಯಾಬಿನೆಟ್ ಮಾತ್ರ ಕಲ್ಲಿನ ಹಾಗೆ ಗಟ್ಟಿ. ಮಗಳ ಓದಿಗೆ ಅದರಲ್ಲೇ ಹೊಸ ಬೋರ್ಡು, ಪ್ರೊಸೆಸರು ಹಾಕಿಸಬೇಕು ಅಂತಿದ್ದೀರಿ. ಅಂಗಡಿಯವರು 'ಬ್ರಾಂಡೆಡ್ ಕ್ಯಾಬಿನೆಟ್‌ಗೆ ಬೇರೆ ಬೋರ್ಡ್ ಕೂರಲ್ಲ, ಗುಜರಿಗೆ ಹಾಕಿ' ಅಂದುಬಿಟ್ಟರಂತೆ. ಅದು ನಿಜವಾ ಅಂತ ನಿಮ್ಮ ಪ್ರಶ್ನೆ.

ಅರ್ಧ ನಿಜ. ಕೆಲವು ಕೂರುತ್ತವೆ, ಕೆಲವು ಏನು ಮಾಡಿದರೂ ಕೂರುವುದಿಲ್ಲ. ನಿಮ್ಮದು ಯಾವ ಗುಂಪಿನದು ಅಂತ ಮನೆಯಲ್ಲೇ ಕೂತು ಕಂಡುಹಿಡಿಯಬಹುದು, ಅದಕ್ಕೆ ದುಡ್ಡು ಖರ್ಚಿಲ್ಲ. ಮೈಸೂರಿನಲ್ಲಿ ನಮ್ಮ ಮನೆಯಲ್ಲಿ ಈಗ ಓಡುತ್ತಿರುವುದೂ ಆಫೀಸೊಂದರಿಂದ ಬಂದ ಹಳೇ ಬ್ರಾಂಡೆಡ್ ಟವರೇ. ಒಳಗಿನದೆಲ್ಲ ಹೊಸದು. ನೆಂಟರಿಗೂ ಗೆಳೆಯರಿಗೂ ಇದೇ ರೀತಿ ಮಾಡಿಕೊಟ್ಟಿದ್ದೇನೆ. ಅದಕ್ಕೇ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಬೋರ್ಡ್ ಮೊದಲು ಕೊಳ್ಳಬೇಡಿ. ಮೊದಲು ಕ್ಯಾಬಿನೆಟ್ ಬಿಚ್ಚಿ, ಅಳತೆ ತೆಗೆದುಕೊಳ್ಳಿ. ಆ ಅಳತೆಗೆ ಯಾವ ಬೋರ್ಡ್ ಒಗ್ಗುತ್ತದೋ ಅದನ್ನು ತನ್ನಿ.

ಮೊದಲು ನೋಡಬೇಕಾದ್ದು ಒಳಗಿನ ಜೋಡಣೆ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನುವ ಅಳತೆಯನ್ನು ತಂದಿತು. ಬೋರ್ಡ್ ಎಷ್ಟುದ್ದ, ಸ್ಕ್ರೂ ತೂತು ಎಲ್ಲಿ, ಹಿಂದಿನ ಕಿಂಡಿ ಎಷ್ಟು ದೊಡ್ಡದು, ಎಲ್ಲ ಅದರಲ್ಲಿದೆ. ಇವತ್ತಿಗೂ ಅಂಗಡಿಯಲ್ಲಿ ಸಿಗುವ ಬೋರ್ಡುಗಳು ಅದೇ ಲೆಕ್ಕದವು. ಆದರೆ 2004ರ ಸುಮಾರಿಗೆ ಇಂಟೆಲ್ಲೇ ಬಿಟಿಎಕ್ಸ್ ಅಂತ ಇನ್ನೊಂದು ಬಗೆ ತಂದಿತು. ಡೆಲ್ ಅದನ್ನು ತನ್ನ ಆಪ್ಟಿಪ್ಲೆಕ್ಸ್ ಸರಣಿಯ 745, 755ರಂಥ ಟವರುಗಳಲ್ಲಿ ಬಳಸಿತು. ಅದರಲ್ಲಿ ಎಲ್ಲವೂ ಎಡಬಲ ಅದಲುಬದಲು. ಮುಂಭಾಗದಲ್ಲಿ ದೊಡ್ಡ ಫ್ಯಾನು, ಅದರ ಹಿಂದೆಯೇ ಪ್ಲಾಸ್ಟಿಕ್ ಹೊದಿಕೆಯೊಳಗೆ ಪ್ರೊಸೆಸರ್ ಕೂತಿರುತ್ತದೆ. 2006ರಲ್ಲಿ ಇಂಟೆಲ್ ಇದನ್ನು ಕೈಬಿಟ್ಟಿತು. ನಿಮ್ಮದು ಬಿಟಿಎಕ್ಸ್ ಆಗಿದ್ದರೆ ಅಂಗಡಿಯವರು ಹೇಳಿದ್ದೇ ಸರಿ. ಹಿಂಬದಿಯ ತಗಡನ್ನೇ ಕತ್ತರಿಸಿ ಹೊಸದಾಗಿ ಮಾಡಬೇಕಾಗುತ್ತದೆ, ಆ ಶ್ರಮ ಬೇಡ. ಮಲಗಿಸಿ ಇಡುವ ತೆಳ್ಳಗಿನ ಡೆಸ್ಕ್‌ಟಾಪ್ ಆದರೂ ಬೇಡ. ಅದರ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಅಳತೆಯೇ ಬೇರೆ.

ಡೆಲ್ ಕ್ಯಾಬಿನೆಟ್ ಮೇಲೆ 7 ಅಕ್ಷರ-ಅಂಕಿಗಳ ಸರ್ವಿಸ್ ಟ್ಯಾಗ್ ಅಂಟಿಸಿರುತ್ತಾರೆ. ಅದನ್ನು ಡೆಲ್‌ನ ಸಪೋರ್ಟ್ ಪುಟದಲ್ಲಿ ಹಾಕಿದರೆ ಮಾಡೆಲ್ ಯಾವುದು ಅಂತ ತಿಳಿಯುತ್ತದೆ. ಮುಂದಿನ ಕೆಲಸಕ್ಕೆ ಇದು ಬೇಕು.

ಇನ್ನು ಅಳತೆ. ಪೂರ್ತಿ ಎಟಿಎಕ್ಸ್ ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಮೈಕ್ರೊ ಎಟಿಎಕ್ಸ್ ಎರಡೂ ಕಡೆ 244. ಮಿನಿ ಐಟಿಎಕ್ಸ್ ಎರಡೂ ಕಡೆ 170. ನಿಮಗೆ ಬೇಕಾಗುವುದು ಹೆಚ್ಚುಕಮ್ಮಿ ಮೈಕ್ರೊ ಎಟಿಎಕ್ಸ್. ಕಡಿಮೆ ಬೆಲೆಯ ಬೋರ್ಡುಗಳು ಅದಕ್ಕಿಂತ ಕಿರಿದು. ಹಳೇ ಬೋರ್ಡ್ ಬಿಚ್ಚಿ ಕೈಯಲ್ಲಿ ಹಿಡಿದು ಅಳೆಯಿರಿ, ತೂತುಗಳ ಜಾಗವನ್ನು ಒಂದು ರಟ್ಟಿನ ಮೇಲೆ ಗುರುತು ಹಾಕಿಕೊಳ್ಳಿ. ಆ ರಟ್ಟನ್ನೇ ಅಂಗಡಿಗೆ ಒಯ್ದು, ಹೊಸ ಬೋರ್ಡಿನ ಮೇಲಿಟ್ಟು ನೋಡಿದರೆ ಅನುಮಾನಕ್ಕೆ ಜಾಗವೇ ಇರುವುದಿಲ್ಲ.

ಬೋರ್ಡ್ ಬಿಚ್ಚಿದಾಗ ಕೆಳಗಿನ ತಗಡನ್ನು ಬೆರಳಲ್ಲಿ ಸವರಿ ನೋಡಿ. ಬ್ರಾಂಡೆಡ್ ಕ್ಯಾಬಿನೆಟ್‌ಗಳಲ್ಲಿ ಬೋರ್ಡ್ ಕೂರುವ ಸ್ಟ್ಯಾಂಡ್‌ಗಳು ಬಿಚ್ಚುವ ಸ್ಕ್ರೂಗಳಾಗಿರದೆ, ತಗಡನ್ನೇ ಉಬ್ಬಿಸಿ ಮಾಡಿದ ಗುಬ್ಬಿಗಳಾಗಿರುವುದೂ ಉಂಟು. ಹೊಸ ಬೋರ್ಡಿನಲ್ಲಿ ತೂತಿಲ್ಲದ ಕಡೆ ಅಂಥ ಗುಬ್ಬಿ ಇದ್ದರೆ, ಅದು ಬೋರ್ಡಿನ ಬೆನ್ನಿಗೆ ತಗುಲಿ ಶಾರ್ಟ್ ಆಗುತ್ತದೆ. ಇದು ತಮಾಷೆಯಲ್ಲ, ಬೋರ್ಡ್ ಸುಟ್ಟುಹೋಗಬಹುದು. ಪ್ರೊಸೆಸರ್‌ನ ಕೆಳಗೂ ನೋಡಿ. ಡೆಲ್‌ನ ಎಷ್ಟೋ ಟವರುಗಳಲ್ಲಿ, ಪ್ರೊಸೆಸರನ್ನು ತಂಪಾಗಿಡುವ ಕೂಲರ್‌ನ ನಾಲ್ಕು ಸ್ಕ್ರೂಗಳು ಬೋರ್ಡ್ ದಾಟಿ ನೇರ ಕ್ಯಾಬಿನೆಟ್‌ಗೇ ಬಿಗಿಯುತ್ತವೆ. ಅದಕ್ಕಾಗಿ ನಾಲ್ಕು ಕಂಬ ನಿಂತಿರುತ್ತವೆ. ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಎಎಂ4 ಬಗೆಯ ಬೋರ್ಡುಗಳಿಗೆ ಬೆನ್ನ ಕಡೆ ಕೂಲರ್ ಹಿಡಿಯುವ ದಪ್ಪ ಪ್ಲೇಟ್ ಇರುತ್ತದೆ. ಈ ಕಂಬಗಳಿಗೂ ಆ ಪ್ಲೇಟಿಗೂ ಜಗಳ ಖಂಡಿತ. ಬೇಡದ ಗುಬ್ಬಿ, ಕಂಬಗಳನ್ನು ಅರದಿಂದ ಉಜ್ಜಿ ಇಳಿಸಿ, ಅಥವಾ ಬಡಿದು ತಗ್ಗಿಸಿ, ಮೇಲೆ ಇನ್ಸುಲೇಶನ್ ಟೇಪ್ ಹಚ್ಚಿ. ಟೇಪ್ ಒಂದನ್ನೇ ನಂಬಬೇಡಿ.

ಕಿರಿದಾದ ಬೋರ್ಡ್ ಹಾಕಿದರೆ ಅದರ ಮುಂದಿನ ಅಂಚು ಗಾಳಿಯಲ್ಲಿ ತೂಗಾಡುತ್ತದೆ. 24 ಪಿನ್ನಿನ ಪವರ್ ಕನೆಕ್ಟರ್ ಒತ್ತುವುದು ಸರಿಯಾಗಿ ಅಲ್ಲೇ. ಒತ್ತಿದರೆ ಬೋರ್ಡ್ ಬಗ್ಗುತ್ತದೆ. ಆ ಅಂಚಿನ ಕೆಳಗೆ ಒಂದೆರಡು ಪ್ಲಾಸ್ಟಿಕ್ ಸ್ಟ್ಯಾಂಡ್ ಇಡಿ, ಇಲ್ಲವಾದರೆ ಬೋರ್ಡ್ ಒಳಗೆ ಇಳಿಸುವ ಮುಂಚೆಯೇ ಕನೆಕ್ಟರ್ ಹಾಕಿಬಿಡಿ.

ಹಿಂದಿನ ಕಿಂಡಿಗೆ ಬರೋಣ. ಯುಎಸ್‌ಬಿ, ಮಾನಿಟರ್, ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗ. ಎಟಿಎಕ್ಸ್ ಪ್ರಕಾರ ಇದು 158.75 ಮಿ.ಮೀ. ಉದ್ದ, 44.45 ಮಿ.ಮೀ. ಅಗಲದ ಆಯತ. ಹೊಸ ಬೋರ್ಡಿನ ಜೊತೆ ಅದಕ್ಕೆ ತಕ್ಕ ಪ್ಲೇಟ್ ಬರುತ್ತದೆ. ನಿಮ್ಮ ಕ್ಯಾಬಿನೆಟ್‌ನಲ್ಲಿ ಹಳೇ ಪ್ಲೇಟ್ ಕೈಯಿಂದ ಒತ್ತಿದರೆ ಕಳಚಿ ಬಂದರೆ ನಿಶ್ಚಿಂತೆ. ಬರದೆ, ತೂತುಗಳನ್ನು ಹಿಂಬದಿ ತಗಡಿನಲ್ಲೇ ಕೊರೆದಿದ್ದರೆ ಆ ಭಾಗ ಕತ್ತರಿಸಬೇಕು. ಮಂಡ್ಯದಲ್ಲಿ ಇದಕ್ಕೆ ಅಲೆಯಬೇಕಾಗಿಲ್ಲ. ಕಬ್ಬಿನ ಟ್ರಾಕ್ಟರ್ ಟ್ರೈಲರ್, ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಯವರು ಗ್ರೈಂಡರ್ ಹಿಡಿದರೆ ಹತ್ತು ನಿಮಿಷದ ಕೆಲಸ. ಆದರೆ ಒಂದು ಷರತ್ತು. ಕ್ಯಾಬಿನೆಟ್ ಪೂರ್ತಿ ಖಾಲಿ ಇರಬೇಕು: ಎಸ್‌ಎಂಪಿಎಸ್ ಇಲ್ಲ, ಫ್ಯಾನ್ ಇಲ್ಲ, ವೈರ್ ಇಲ್ಲ. ಮಾರ್ಕರ್‌ನಲ್ಲಿ ನೀವೇ ಗೆರೆ ಎಳೆದು ಕೊಡಿ, ಗೆರೆಗಿಂತ ಒಳಗೇ ಕತ್ತರಿಸಲು ಹೇಳಿ, ಉಳಿದದ್ದನ್ನು ಮನೆಯಲ್ಲಿ ಅರದಿಂದ ಸರಿಮಾಡಿಕೊಳ್ಳಿ. ಆಮೇಲೆ ಕ್ಯಾಬಿನೆಟ್ ಕವುಚಿ, ಚೆನ್ನಾಗಿ ತಟ್ಟಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಒಂದು ಕಬ್ಬಿಣದ ಚೂರು ಬೋರ್ಡಿನ ಮೇಲೆ ಉಳಿದರೂ ಸಾಕು, ಕೆಡಿಸಲು.

ಈಗ ನಿಜವಾದ ಕೆಲಸ: ಮುಂಭಾಗದ ವೈರುಗಳು. ಜನ ಕೈಚೆಲ್ಲುವುದು ಇಲ್ಲೇ, ಅಂಗಡಿಯವರು 'ಆಗಲ್ಲ' ಅನ್ನುವುದೂ ಹೆಚ್ಚಾಗಿ ಇದಕ್ಕೇ. ಸಾಮಾನ್ಯ ಕ್ಯಾಬಿನೆಟ್‌ನಲ್ಲಿ ಪವರ್ ಬಟನ್, ರೀಸೆಟ್, ಎರಡು ಲೈಟು, ಇವಕ್ಕೆ ಬೇರೆ ಬೇರೆ ಪುಟ್ಟ ಕನೆಕ್ಟರ್ ಇರುತ್ತವೆ. ಬ್ರಾಂಡೆಡ್ ಕಂಪ್ಯೂಟರ್‌ನಲ್ಲಿ ಎಲ್ಲ ಸೇರಿ ಒಂದೇ ಕನೆಕ್ಟರ್. ಅದು ಹೊಸ ಬೋರ್ಡಿನ ಪಿನ್ನಿಗೆ ಕೂತರೂ ಕೂರಬಹುದು, ಆದರೆ ಒಳಗಿನ ಕ್ರಮ ಬೇರೆ. ಕೂತಿತು ಅಂತ ಒತ್ತಿಬಿಡಬೇಡಿ.

ಒಂದು ಮಲ್ಟಿಮೀಟರ್ ತನ್ನಿ. ಕೆಲವು ನೂರು ರೂಪಾಯಿಯದ್ದೇ ಸಾಕು, ಬೀಪ್ ಶಬ್ದ ಬರುವಂಥದ್ದಿರಲಿ. ಕರೆಂಟ್ ಸಂಪರ್ಕ ಪೂರ್ತಿ ತೆಗೆದಿರಿ, ಕನೆಕ್ಟರ್ ಬೋರ್ಡಿನಿಂದ ಹೊರಗಿರಲಿ. ಕಪ್ಪು ಕಡ್ಡಿಯನ್ನು ಒಂದು ತೂತಿಗೆ ಇಡಿ, ಕೆಂಪು ಕಡ್ಡಿಯನ್ನು ಉಳಿದ ತೂತುಗಳಿಗೆ ಒಂದೊಂದಾಗಿ ಮುಟ್ಟಿಸುತ್ತಾ ಹೋಗಿ. ಪ್ರತಿ ಸಲವೂ ಮಗಳಿಗೆ ಪವರ್ ಬಟನ್ ಒತ್ತಿ ಬಿಡಲು ಹೇಳಿ. ಒತ್ತದೆಯೇ ಬೀಪ್ ಬಂದರೆ ಆ ಎರಡು ಒಂದೇ ತಂತಿಯ ತುದಿಗಳು, ಹೆಚ್ಚಾಗಿ ಎರಡೂ ಗ್ರೌಂಡ್ (ಕರೆಂಟ್ ಹಿಂದಿರುಗುವ ತಂತಿ). ಒತ್ತಿದಾಗ ಮಾತ್ರ ಬೀಪ್, ಬಿಟ್ಟಾಗ ನಿಂತರೆ, ಅದೇ ನೀವು ಹುಡುಕುತ್ತಿರುವ ಜೋಡಿ. ಒಂದು ವಿಷಯಕ್ಕೆ ಗಾಬರಿಯಾಗಬೇಡಿ: ಬಟನ್ ಒತ್ತಿದಾಗ ಒಂದೇ ಪಿನ್ ಮೂರು ನಾಲ್ಕು ಪಿನ್ನುಗಳ ಜೊತೆ ಬೀಪ್ ಕೊಡಬಹುದು. ಆ ಮೂರು ನಾಲ್ಕೂ ಗ್ರೌಂಡ್, ಒಳಗೆ ಒಂದಕ್ಕೊಂದು ಸೇರಿರುತ್ತವೆ. ಯಾವುದನ್ನು ಬಳಸಿದರೂ ನಡೆಯುತ್ತದೆ. ಕಾಗದದ ಮೇಲೆ ಕನೆಕ್ಟರ್‌ನ ಚಿತ್ರ ಬರೆದು, ಸಿಕ್ಕಿದ್ದನ್ನು ಆಗಿಂದಾಗ್ಗೆ ಗುರುತಿಸುತ್ತಾ ಹೋಗಿ. ಅಳಿಸಿ ಬರೆಯುವ ಹಾಗೆ ಪೆನ್ಸಿಲ್ ಇರಲಿ.

ಹೊಸ ಬೋರ್ಡಿನ ಕಡೆ ಇದು ಸುಲಭ. ಎರಡು ಸಾಲಿನ 9 ಪಿನ್ನುಗಳ ಗುಂಪು, ಹತ್ತನೆಯದು ಇರುವುದಿಲ್ಲ. 6 ಮತ್ತು 8 ಪವರ್ ಬಟನ್. 5 ಮತ್ತು 7 ರೀಸೆಟ್. 1 ಮತ್ತು 3 ಹಾರ್ಡ್‌ಡಿಸ್ಕ್ ಲೈಟ್, 2 ಮತ್ತು 4 ಪವರ್ ಲೈಟ್. ಅಂಗಡಿಯಲ್ಲಿ ಸಿಗುವ ಮುಕ್ಕಾಲುಪಾಲು ಬೋರ್ಡುಗಳಲ್ಲಿ ಇದೇ ಕ್ರಮ, ಆದರೂ ಬೋರ್ಡಿನ ಪುಸ್ತಕದಲ್ಲಿ ಒಮ್ಮೆ ನೋಡಿ. ನಡುವೆ ಜಂಪರ್ ವೈರ್ ಹಾಕಿದರೆ ಆಯಿತು. ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟ್‌ಗೆ ಕೊಳ್ಳುವ ಬಣ್ಣಬಣ್ಣದ ವೈರುಗಳಿವೆಯಲ್ಲ, ಅವೇ. ಮಂಡ್ಯ, ಮೈಸೂರು ಎರಡೂ ಕಡೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿ. ಹಳೇ ಕನೆಕ್ಟರ್‌ನ ತೂತು ಸಣ್ಣದಾಗಿ ವೈರ್ ಹೋಗದಿದ್ದರೆ, ತುದಿ ಕತ್ತರಿಸಿ ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ಎಳೆಯಿರಿ. ಪವರ್ ಬಟನ್‌ಗೆ ಎಡಬಲ ಇಲ್ಲ. ಲೈಟ್ ಹತ್ತದಿದ್ದರೆ ತಿರುಗಿಸಿ ಹಾಕಿ, ಏನೂ ಆಗುವುದಿಲ್ಲ.

ಮುಂದಿನ ಯುಎಸ್‌ಬಿಗೆ ಮಾತ್ರ ಈ ಧೈರ್ಯ ಬೇಡ. ಅಲ್ಲಿ 5 ವೋಲ್ಟ್ ಇದೆ. ತಂತಿ ತಪ್ಪಿದರೆ ಚುಚ್ಚಿದ ಪೆನ್‌ಡ್ರೈವ್ ಅಥವಾ ಬೋರ್ಡೇ ಹೋಗಬಹುದು. ಕೆಂಪು, ಬಿಳಿ, ಹಸಿರು, ಕಪ್ಪು ವೈರುಗಳು ಸ್ಪಷ್ಟವಾಗಿ ಕಂಡು, ಪೋರ್ಟಿನೊಳಗಿನ ನಾಲ್ಕು ಪಟ್ಟಿಗಳಿಗೆ ಮೀಟರ್‌ನಲ್ಲಿ ತಾಳೆ ಆದರೆ ಜೋಡಿಸಿ. ಬಟನ್, ಲೈಟ್, ಆಡಿಯೊ, ಯುಎಸ್‌ಬಿ ಎಲ್ಲ ಒಂದೇ ಚಪ್ಪಟೆ ಪಟ್ಟಿ ಕೇಬಲ್‌ನಲ್ಲಿ ಬಂದಿದ್ದರೆ ಯುಎಸ್‌ಬಿ, ಆಡಿಯೊ ಬಿಟ್ಟುಬಿಡಿ. ಹಿಂದಿನ ಪೋರ್ಟಿಗೆ ಒಂದು ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಮೇಜಿನ ಮೇಲೆ ತಂದಿಟ್ಟುಕೊಂಡರೆ ಸಾಕು.

ಎಸ್‌ಎಂಪಿಎಸ್ ಹೊಸದೇ ತನ್ನಿ. ಇದರಲ್ಲಿ ಮಾತ್ರ ನಾನು ಹಠ ಮಾಡುತ್ತೇನೆ. ಹಳೆಯದು ಓಡುತ್ತಿದ್ದರೂ ಒಳಗಿನ ಕೆಪಾಸಿಟರ್‌ಗಳಿಗೆ ವಯಸ್ಸಾಗಿದೆ. ಅದೂ ಅಲ್ಲದೆ ಡೆಲ್ ತನ್ನ ಆಪ್ಟಿಪ್ಲೆಕ್ಸ್ 3020, 7020, 9020ರಲ್ಲಿ 24 ಪಿನ್ ಬಿಟ್ಟು 8 ಪಿನ್ನಿನ ಸ್ವಂತ ಕನೆಕ್ಟರ್ ಹಾಕಿತು, ಅದು ಹೊಸ ಬೋರ್ಡಿಗೆ ನೇರ ಹೊಂದುವುದಿಲ್ಲ. ಹಳೇ ಎಸ್‌ಎಂಪಿಎಸ್ ಜಾಗ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರ ಇದ್ದು, ನಾಲ್ಕು ಸ್ಕ್ರೂ ತೂತು ತಾಳೆಯಾದರೆ ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ ಕೂರುತ್ತದೆ. ಬ್ರಾಂಡೆಡ್ 450 ವ್ಯಾಟ್ ನಿಮ್ಮ ಕೆಲಸಕ್ಕೆ ಧಾರಾಳ. ಹಳೆಯದನ್ನೇ ಯಾವುದಕ್ಕಾದರೂ ಬಳಸುವುದಾದರೆ ಹಿಂದೆ 115-230 ಅಂತ ಕೆಂಪು ಸ್ವಿಚ್ ಇದೆಯಾ ನೋಡಿ. ಇದ್ದರೆ 230ರಲ್ಲೇ ಇರಬೇಕು. ನಮ್ಮ ಕರೆಂಟಿಗೆ 115ರಲ್ಲಿಟ್ಟರೆ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ.

ಹಳೇ ರ‍್ಯಾಮ್ ಹೊಸ ಬೋರ್ಡಿಗೆ ಬರುವುದಿಲ್ಲ. ಹಳೇ ಕೂಲರ್ ಕೂಡ ಅಷ್ಟೇ: ಹಿಂದಿನ ಇಂಟೆಲ್ ಬೋರ್ಡುಗಳಲ್ಲಿ ತೂತುಗಳ ಅಂತರ 72 ಇಲ್ಲವೇ 75 ಮಿ.ಮೀ. ಇತ್ತು, ಈಚಿನ ಎಲ್‌ಜಿಎ 1700 ಬಗೆಯ ಇಂಟೆಲ್ ಬೋರ್ಡುಗಳಲ್ಲಿ ಅದು 78. ಸಾಟಾ ಹಾರ್ಡ್‌ಡಿಸ್ಕ್, ಡಿವಿಡಿ ಡ್ರೈವ್ ಓಡುತ್ತವೆ, ಆದರೆ ವಿಂಡೋಸ್ ಹಾಕುವುದು ಎಸ್‌ಎಸ್‌ಡಿಗೇ (ಹಾರ್ಡ್‌ಡಿಸ್ಕ್‌ಗಿಂತ ವೇಗದ, ಚಿಪ್ಪಿನ ಡಿಸ್ಕ್) ಇರಲಿ. ಹಿಂಬದಿಯ ಫ್ಯಾನ್‌ನ ಕನೆಕ್ಟರ್ ಬೇರೆ ತರಹ ಇದ್ದರೆ ಅದನ್ನು ಅಳೆದು ಅದೇ ಅಳತೆಯ ಹೊಸದು ಹಾಕಿ. ಹಳೇ ಕ್ಯಾಬಿನೆಟ್‌ನಲ್ಲಿ ಗಾಳಿ ಕಡಿಮೆ ಓಡಾಡುತ್ತದೆ, ಹಾಗಾಗಿ 65 ವ್ಯಾಟ್‌ನ ಪ್ರೊಸೆಸರ್ ಒಳಗೇ ಇರಿ. ಓದಿಗೆ ಅದು ಸಾಕೇ ಸಾಕು.

ಕ್ಯಾಬಿನೆಟ್ ಮೇಲಿನ ವಿಂಡೋಸ್ ಸ್ಟಿಕ್ಕರ್ ಹೊಸ ಬೋರ್ಡಿಗೆ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿ ಕೊಟ್ಟ ಲೈಸೆನ್ಸ್ ಆ ಹಳೇ ಮದರ್‌ಬೋರ್ಡಿಗೇ ಸೇರಿದ್ದು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಲೈಸೆನ್ಸ್ ಖರ್ಚನ್ನೂ ಬಜೆಟ್‌ಗೆ ಸೇರಿಸಿ, ಅಥವಾ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ. ಮಗಳು ಪ್ರೋಗ್ರಾಮಿಂಗ್ ಕಲಿಯುವವಳಾದರೆ ಲಿನಕ್ಸೇ ಒಳ್ಳೆಯದು ಅನ್ನುತ್ತೇನೆ.

ಇಷ್ಟೆಲ್ಲ ಮಾಡಿ ಉಳಿಯುವುದೆಷ್ಟು ಅಂತ ಕೇಳಬಹುದು. ಎರಡು ಸಾವಿರದ ಆಸುಪಾಸಿಗೆ ಹೊಸ ಕ್ಯಾಬಿನೆಟ್ ಸಿಗುತ್ತದೆ, ಅಲ್ವಾ? ಸಿಗುತ್ತದೆ. ಆದರೆ ಆ ಬೆಲೆಯ ತಗಡು ಬೆರಳಲ್ಲಿ ಒತ್ತಿದರೆ ಬಗ್ಗುತ್ತದೆ, ಫ್ಯಾನ್ ತಿರುಗಿದರೆ ಗುಂಯ್‌ಗುಡುತ್ತದೆ. ನಿಮ್ಮ ಹಳೇ ಕ್ಯಾಬಿನೆಟ್‌ನ ಉಕ್ಕು ದಪ್ಪ, ಬಾಗಿಲು ಸದ್ದಿಲ್ಲದೆ ಕೂರುತ್ತದೆ, ಅಂಚು ಕೈ ಕೊಯ್ಯುವುದಿಲ್ಲ. ಇನ್ನೂ ಹತ್ತು ಹದಿನೈದು ವರ್ಷ ಬಾಳುವ ವಸ್ತುವನ್ನು ಸುಮ್ನೆ ಗುಜರಿಗೆ ಹಾಕುವುದು ನನಗೆ ಸಹಿಸದು. ಎಟಿಎಕ್ಸ್ ಜೋಡಣೆ ಇದ್ದು, ಹಿಂದಿನ ಪ್ಲೇಟ್ ಕಳಚಿ ಬಂದರೆ ಎರಡನೇ ಯೋಚನೆ ಮಾಡದೆ ಉಳಿಸಿಕೊಳ್ಳಿ. ಪ್ಲೇಟ್ ಬಾರದಿದ್ದರೆ, ಕತ್ತರಿಸುವ ಉತ್ಸಾಹ ಇದ್ದರೆ ಮಾಡಿ. ಬಿಟಿಎಕ್ಸ್ ಆದರೆ ಬಿಡಿ.

ಬೋರ್ಡ್ ತಂದ ಮೇಲೆ ಕ್ಯಾಬಿನೆಟ್‌ಗೆ ಹಾಕುವ ಮುಂಚೆ ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಒಮ್ಮೆ ಓಡಿಸಿ. ಪ್ರೊಸೆಸರ್, ಕೂಲರ್, ರ‍್ಯಾಮ್, ಎಸ್‌ಎಂಪಿಎಸ್, ಮಾನಿಟರ್ ಜೋಡಿಸಿ, 6 ಮತ್ತು 8ನೇ ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಪರದೆ ಬಂದರೆ ಬೋರ್ಡ್ ಚೆನ್ನಾಗಿದೆ. ಒಳಗೆ ಕೂರಿಸಿದ ಮೇಲೆ ಆನ್ ಆಗದಿದ್ದರೆ ತೊಂದರೆ ಕ್ಯಾಬಿನೆಟ್ ಕಡೆಯದ್ದು ಅಂತ ಗೊತ್ತಾಗುತ್ತದೆ: ಗುಬ್ಬಿ ತಾಗಿರಬೇಕು, ಇಲ್ಲವೇ ಬಟನ್ ವೈರ್ ತಪ್ಪಿರಬೇಕು.

ನನಗೆ ಸರ್ವಿಸ್ ಟ್ಯಾಗ್ ಕಳಿಸುವುದು ಬೇಡ, ಅದರಿಂದ ತಿಳಿದ ಮಾಡೆಲ್ ಹೆಸರು ಸಾಕು. ಅದರ ಜೊತೆ ಹಿಂಬದಿಯ ಒಂದು ಫೋಟೊ, ಮುಂದಿನ ಕನೆಕ್ಟರ್‌ನ ಹತ್ತಿರದ ಒಂದು ಫೋಟೊ ಇಲ್ಲೇ ಹಾಕಿ. ಮೀಟರ್‌ನಲ್ಲಿ ಸಿಕ್ಕ ಜೋಡಿಗಳನ್ನೂ ಬರೆದರೆ ಯಾವ ವೈರ್ ಯಾವ ಪಿನ್ನಿಗೆ ಅಂತ ಗುರುತು ಹಾಕಿ ಕಳಿಸುತ್ತೇನೆ.